ಐದನೇ ವಿಭಕ್ತಿ ಎಲ್ಲಿ ಹೋಯ್ತು?

ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ. ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ್ದೇ. ಐದನೆಯದಕ್ಕೆ ಏನು ಹೇಳ್ತಿದ್ವಿ? 'ದೆಸೆಯಿಂದ'. ಆದ್ರೆ ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಯಾರಾದ್ರೂ 'ಮುಳಬಾಗಿಲಿನ ದೆಸೆಯಿಂದ ಬಂದೆ' ಅಂದದ್ದನ್ನು ಕೇಳಿದ್ದೀರಾ?

ಇಲ್ಲ. ಎಲ್ಲರೂ ಹೇಳೋದು 'ಮುಳಬಾಗಿಲಿಂದ ಬಂದೆ'. 'ಕತ್ತಿಯಿಂದ ಕೊಯ್ದೆ' ಅನ್ನುವಾಗಲೂ ಅದೇ 'ಇಂದ'. ಹೊರಟ ಊರಿಗೂ ಕೈಯಲ್ಲಿರುವ ಕತ್ತಿಗೂ ಒಂದೇ ಪ್ರತ್ಯಯ!

ಇದರ ವಿಶೇಷ ಚೆನ್ನಾಗಿ ಕಾಣೋದು ಕೋಲಾರದಲ್ಲೇ. ಶ್ರೀನಿವಾಸಪುರದ ತೆಲುಗು ಮನೆಯಲ್ಲಿ ಮಾವಿನಹಣ್ಣನ್ನು 'ಕತ್ತಿತೋ' ಕೊಯ್ಯುತ್ತಾರೆ, 'ಕೋಲಾರು ನುಂಚಿ' ಬರುತ್ತಾರೆ. ಮಾಲೂರು ಗಡಿಯ ತಮಿಳು ಮನೆಯಲ್ಲಿ 'ಕತ್ತಿಯಾಲ್' ಬೇರೆ, 'ಮಾಲೂರಿಲಿರುಂದು' ಬೇರೆ. ಅಕ್ಕಪಕ್ಕದ ಎರಡೂ ಭಾಷೆಗಳು ಬೇರೆ ಬೇರೆ ಇಟ್ಟುಕೊಂಡಿದ್ದನ್ನು ಕನ್ನಡ ಒಂದೇ ಮಾಡಿದೆ.

ಹಾಗಾದ್ರೆ ಕನ್ನಡ ಏನನ್ನೋ ಕಳೆದುಕೊಂಡಿತಾ? 13ನೇ ಶತಮಾನಕ್ಕೆ ಹೋಗೋಣ. 'ಶಬ್ದಮಣಿದರ್ಪಣ' ಬರೆದ ಕೇಶಿರಾಜ ಸಂಸ್ಕೃತದ ಮಾದರಿಯಲ್ಲಿ ಏಳು ವಿಭಕ್ತಿ ಹೇಳಿದ. ತೃತೀಯೆಗೆ 'ಇಂ', ಪಂಚಮಿಗೆ 'ಅತ್ತಣಿಂ'. ಬಿಡಿಸಿ ನೋಡಿ: ಅತ್ತಣ, ಇಂ. ಒಳಗಿರೋದು ಅದೇ 'ಇಂ'! 'ದೆಸೆಯಿಂದ' ಅನ್ನೋದರಲ್ಲೂ ಅಷ್ಟೇ. ಅಂದ್ರೆ ಐದನೇ ಖಾನೆಯನ್ನು ಕೊಟ್ಟದ್ದು ಸಂಸ್ಕೃತ, ತುಂಬಿದ್ದು ಕನ್ನಡದ ಮೂರನೇ ಪ್ರತ್ಯಯ. ಕನ್ನಡಕ್ಕೆ ತನ್ನದೇ ವ್ಯಾಕರಣ ಬೇಕು ಅಂತ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಸುಮ್ಮನೆ ಅಲ್ಲ.

ನಿಜವಾಗಿ ಹೋದದ್ದೂ ಇದೆ. ಹಳಗನ್ನಡದ 'ಮರಂ' ಈಗ ಬರೀ 'ಮರ'. 'ಮನೆಯೊಳ್' ಇದ್ದದ್ದು 'ಮನೆಯಲ್ಲಿ' ಆಯ್ತು. ಬದಲಾವಣೆ ಇವತ್ತೂ ನಿಂತಿಲ್ಲ. 'ನೀರನ್ನು ಕುಡಿ' ಅಂತ ಮನೆಯಲ್ಲಿ ಯಾರೂ ಹೇಳಲ್ಲ, 'ನೀರು ಕುಡಿ' ಸಾಕು. ಆದ್ರೆ 'ಮಗು ಕರಿ' ಅನ್ನಲ್ಲ, 'ಮಗುನ ಕರಿ' ಅಂತೀವಿ. ಬೇಕಾದ ಕಡೆ 'ಅನ್ನು' ಉಳಿದಿದೆ. 'ಪೆನ್ನಿಂದ ಬರಿ' ಬದಲು 'ಪೆನ್ನಲ್ಲಿ ಬರಿ' ಅಂತೀವಿ. ಮೂರನೆಯದರ ಕೆಲಸವನ್ನು ಏಳನೆಯದು ಮಾಡ್ತಿದೆ.

ಇದು ಕನ್ನಡದ್ದೊಂದೇ ಕಥೆಯಲ್ಲ. ಲ್ಯಾಟಿನ್ ನಾಮಪದಗಳ ವಿಭಕ್ತಿಗಳು ಅದರಿಂದಲೇ ಹುಟ್ಟಿದ ಇಟಾಲಿಯನ್‌ನಲ್ಲಿ ಉಳಿದಿಲ್ಲ. ಹಳೆಯ ಇಂಗ್ಲಿಷ್‌ನ ವಿಭಕ್ತಿಗಳೂ ಬಹುತೇಕ ಹೋದವು. ಪದದ ಕೊನೆಯ ಧ್ವನಿ ಸವೆದಾಗ, ಆ ಕೆಲಸವನ್ನು ಪದಗಳ ಕ್ರಮ ಮತ್ತು ಸಣ್ಣ ಸಣ್ಣ ಪದಗಳು ವಹಿಸಿಕೊಂಡವು. ಆ ಭಾಷೆಗಳು ಬಡವಾದವಾ?

ಗಡಿ ತಾಲ್ಲೂಕಿನವರ ಕನ್ನಡ ಕೆಟ್ಟಿದೆ ಅಂತ ನಗುವವರು ಇದನ್ನು ಯೋಚಿಸಬೇಕು. 1905ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದ ಕೋಲಾರ ಜಿಲ್ಲೆಯ ಶಾಸನ ಸಂಪುಟದಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಇವೆ. ಕೋಲಾರಮ್ಮನ ಗುಡಿಯಲ್ಲೇ ಚೋಳರ ಕಾಲದ ತಮಿಳು ಶಾಸನಗಳಿವೆ. ಮೂರು ಭಾಷೆಗಳ ನಡುವೆ ಬೆಳೆದ ಮಗು 'ಪೆನ್ನಲ್ಲಿ ಬರೆದೆ' ಅಂದ್ರೆ ಕೆಂಪು ಇಂಕು ಎತ್ತಬೇಡಿ. ಭಾಷೆ ಸಾಯೋದು ಪ್ರತ್ಯಯ ಬಿದ್ದುಹೋದಾಗ ಅಲ್ಲ, ನಗೆಪಾಟಲಾದ ಮಗು ಮಾತಾಡೋದನ್ನೇ ಬಿಟ್ಟಾಗ.