ಸಭೆಯ ಅಂಗಳದ ನಗೆ: ಬೆಳಗಾವಿ ಗಡಿ ತಾಲ್ಲೂಕುಗಳ ಕ್ರೈಸ್ತ ಸಮುದಾಯದಲ್ಲಿ ಹಾಸ್ಯ, ವಿನೋದ

ಕ್ರೈಸ್ತ ಸಭೆಗಳಲ್ಲಿ ನಗೆ ಬೆಳೆದದ್ದು ಹೆಚ್ಚಾಗಿ ಆರಾಧನೆಯ ಆಚೆಗೆ, ಚರ್ಚಿನ ಅಂಗಳದಲ್ಲಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ಸಭೆಗಳಿಗೂ ಈ ಮಾತು ಸಲ್ಲುತ್ತದೆ. ಕನ್ನಡ ಮರಾಠಿಗಳೆರಡನ್ನೂ ಬಳಸುವ, ಕಬ್ಬು ಮತ್ತು ತಂಬಾಕಿನ ದುಡಿಮೆಯನ್ನು ನಂಬಿದ ಈ ಪ್ರದೇಶದಲ್ಲಿ ಕ್ರೈಸ್ತರು ಸಣ್ಣ ಸಂಖ್ಯೆಯಲ್ಲಿದ್ದಾರೆ. ಅವರ ಸಾಮುದಾಯಿಕ ವಿನೋದಕ್ಕೆ ಎರಡು ಮೂಲಗಳಿವೆ: ಮಿಷನರಿಗಳು ತಂದ ಹಬ್ಬಗಳು ಮತ್ತು ಊರಿನ ಬಯಲಾಟದ ರೂಢಿ.

ನಗೆಯ ಬಗ್ಗೆ ಕ್ರೈಸ್ತ ಚಿಂತನೆ ಮೊದಲಿನಿಂದಲೂ ಅಳುಕಿದೆ. ಎಫೆಸದವರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯ ಹುಚ್ಚುಮಾತು, ಕುಚೋದ್ಯಗಳನ್ನು ತಡೆಯುತ್ತದೆ. ಕ್ರಿಸ್ತನು ಅತ್ತದ್ದನ್ನು ಸುವಾರ್ತೆಗಳು ಹೇಳುತ್ತವೆ, ನಕ್ಕದ್ದನ್ನು ಎಲ್ಲಿಯೂ ಹೇಳಿಲ್ಲ ಎಂಬುದು ನಾಲ್ಕನೆಯ ಶತಮಾನದ ಜಾನ್ ಕ್ರಿಸೊಸ್ಟಮನ ವಾದ. ಹದವರಿತ ವಿನೋದ ಸದ್ಗುಣವೇ, ಇತರರ ಸಂತೋಷಕ್ಕೆ ಅಡ್ಡಿಯಾಗುವ ಬಿಗುಮಾನವೇ ದೋಷ ಎಂದು ಹದಿಮೂರನೆಯ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ವಾದಿಸಿದ. ಜರ್ಮನ್ ನಾಡಿನ ಕೆಲವೆಡೆ ಈಸ್ಟರ್ ದಿನ ಪಾದ್ರಿಗಳು ಪ್ರಸಂಗಪೀಠದಿಂದಲೇ ನಗೆಗತೆ ಹೇಳಿ ಜನರನ್ನು ನಗಿಸುವ ಪದ್ಧತಿಯೂ ಇತ್ತು. ಅದನ್ನು ಖಂಡಿಸಿ ದೈವಶಾಸ್ತ್ರಜ್ಞ ಎಕೊಲಂಪಾಡಿಯಸ್ ಬರೆದ ಪತ್ರ 1518ರಲ್ಲಿ ಬಾಸೆಲ್ ನಗರದಲ್ಲಿ ಅಚ್ಚಾಯಿತು. ಉತ್ತರ ಕರ್ನಾಟಕದ ಸಭೆಗಳಿಗೆ ಶಿಸ್ತು ಕಲಿಸಿದ ಬಾಸೆಲ್ ಮಿಷನ್ 1815ರಲ್ಲಿ ಹುಟ್ಟಿದ್ದೂ ಅದೇ ನಗರದಲ್ಲಿ.

ಆ ಮಿಷನ್ 1837ರಲ್ಲಿ ಧಾರವಾಡಕ್ಕೆ ಬಂತು. ಬೆಳಗಾವಿಯಲ್ಲಿ ಅದಕ್ಕೂ ಮುಂಚೆ, 1820ರಲ್ಲಿ, ಲಂಡನ್ ಮಿಷನ್ ಕೆಲಸ ಆರಂಭಿಸಿತ್ತು. 1904ರಲ್ಲಿ ಆ ಕ್ಷೇತ್ರ ಮೆಥಡಿಸ್ಟರ ಕೈಸೇರಿತು. ನಿಪ್ಪಾಣಿಯ ಕಡೆ ನೆರೆಯ ಕೊಲ್ಹಾಪುರದಿಂದ ಅಮೆರಿಕನ್ ಪ್ರೆಸ್ಬಿಟೀರಿಯನ್ನರು ಬಂದರು. ಜಾತ್ರೆ, ಬಯಲಾಟ, ಕುಡಿತ ಮೂರನ್ನೂ ಮಿಷನ್ ಶಿಸ್ತು ಒಂದೇ ಕಣ್ಣಿನಿಂದ ನೋಡಿತು. ಸಭೆ ಸೇರಿದವರು ಗೋಕಾಕ, ರಾಯಬಾಗ ಸೀಮೆಯ ಶ್ರೀಕೃಷ್ಣ ಪಾರಿಜಾತದಂಥ ಆಟಗಳಿಂದ ದೂರ ಉಳಿಯಬೇಕಾಯಿತು. ಭಾಗವತನಿಗೆ ಎದುರು ನಿಂತು ಆಡುಮಾತಿನಲ್ಲಿ ಚಟಾಕಿ ಹಾರಿಸುವ ದೂತಿಯ ಪಾತ್ರ ಅಲ್ಲಿಯ ಜೀವಾಳ. ಅದನ್ನು ಬಿಟ್ಟುಕೊಟ್ಟದ್ದು ದೊಡ್ಡ ನಷ್ಟವೇ ಸರಿ. ಆದರೆ ಇನ್ನೊಂದು ಮಗ್ಗುಲನ್ನೂ ಮರೆಯಬಾರದು. ಸಭೆ ಸೇರಿದ ಬಹುಪಾಲು ಜನ ದಲಿತ ಕೇರಿಗಳವರು. ಊರಿನ ನಗೆಯಲ್ಲಿ ಅವರ ಉಡುಗೆ, ಮಾತು, ಹೆಸರುಗಳೇ ಎಷ್ಟೋ ಸಲ ಗುರಿಯಾಗುತ್ತಿದ್ದವು. ತಮ್ಮದೇ ಅಂಗಳದಲ್ಲಿ, ಯಾರ ಹಂಗೂ ಇಲ್ಲದೆ ನಗುವುದು ಅವರ ಪಾಲಿಗೆ ಹೊಸ ಸ್ವಾತಂತ್ರ್ಯವಾಗಿತ್ತು. ಸಭೆಯ ವಿನೋದವನ್ನು ಬರೀ ಮನರಂಜನೆ ಎಂದು ಬದಿಗೆ ಸರಿಸುವ ಬರಹಗಳು ಈ ಅಂಶವನ್ನು ಕಾಣುವುದಿಲ್ಲ.

ಬಿಟ್ಟ ಆಟ ಕ್ರಿಸ್ಮಸ್ ನಾಟಕವಾಗಿ ಮರಳಿ ಬಂತು. ಸಂಡೇ ಸ್ಕೂಲಿನ ಮಕ್ಕಳು, ಯುವಕ ಸಂಘದವರು ಆಡುವ ಈ ನಾಟಕದಲ್ಲಿ ದೇವದೂತ, ಮರಿಯ, ಯೋಸೇಫರದು ಬೈಬಲಿನ ಗ್ರಾಂಥಿಕ ಕನ್ನಡ. ಕುರುಬರು ಬಂದರೆ ಸಾಕು, ಭಾಷೆ ಬದಲಾಗುತ್ತದೆ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ತಲೆಗೆ ರುಮಾಲು. ಬಾಯಲ್ಲಿ ಅಥಣಿ ಕಡೆಯ ಮಾತು, ನಡುನಡುವೆ ಮರಾಠಿ. ಒಬ್ಬ ನಿದ್ದೆಗಣ್ಣಿನಲ್ಲಿ ಕುರಿ ಎಣಿಸಿ ಲೆಕ್ಕ ತಪ್ಪುತ್ತಾನೆ. ದೂತ ಕಾಣಿಸಿದ ಕೂಡಲೇ ಇನ್ನೊಬ್ಬ ಕಂಬಳಿಯೊಳಗೆ ಮುಖ ಮುಚ್ಚಿಕೊಳ್ಳುತ್ತಾನೆ. ದೊಡ್ಡ ಮೀಸೆಯ ಅರಸ ಹೆರೋದ ಸಿಟ್ಟಿನಿಂದ ಅಬ್ಬರಿಸಿದಷ್ಟೂ ನಗೆಪಾಟಲಾಗುತ್ತಾನೆ. ಹದಿನೈದನೆಯ ಶತಮಾನದ ಇಂಗ್ಲೆಂಡಿನ ವೇಕ್‌ಫೀಲ್ಡ್ ಕುರುಬರ ನಾಟಕದಲ್ಲಿಯೂ ಕಳ್ಳನೊಬ್ಬ ಕದ್ದ ಕುರಿಯನ್ನು ತೊಟ್ಟಿಲಲ್ಲಿ ಮಲಗಿಸಿ ಕೂಸೆಂದು ನಂಬಿಸಲು ನೋಡುತ್ತಾನೆ. ಎರಡು ಕಡೆಯೂ ನಗೆ ಕುರುಬರ ಪಾಲಿಗೇ ಬಂದಿರುವುದು ಆಕಸ್ಮಿಕವಲ್ಲ. ಸುವಾರ್ತೆಯನ್ನು ಮೊದಲು ಕೇಳಿದವರು ಹೊಲದಲ್ಲಿ ರಾತ್ರಿ ಕಾವಲಿದ್ದ ಬಡವರು. ನೋಡುವವರು ಆ ಕುರುಬರಲ್ಲಿ ತಮ್ಮನ್ನೇ ಕಂಡು ನಗುತ್ತಾರೆ. ದೂತಿಯ ಆಡುಮಾತಿನ ಜಾಣ್ಮೆ ಇಲ್ಲಿ ಕಂಬಳಿ ಹೊದ್ದು ಬಂದಿದೆ ಎನ್ನಬೇಕು.

ಸುಗ್ಗಿ ಹಬ್ಬದ ಲಿಲಾವು ವಿನೋದದ ಇನ್ನೊಂದು ಸಂದರ್ಭ. ಮೊದಲ ಫಲವೆಂದು ತಂದಿಟ್ಟ ಜೋಳ, ಕುಂಬಳಕಾಯಿ, ಕಬ್ಬಿನ ಜಲ್ಲೆ, ಕೋಳಿ, ಮನೆಯಲ್ಲಿ ಮಾಡಿದ ಉಂಡಿಗಳನ್ನು ಆರಾಧನೆ ಮುಗಿದ ಮೇಲೆ ಕೂಗುತ್ತಾರೆ. ಕೂಗುವವನು ಮಾತುಗಾರನಾಗಿರಬೇಕು. ಅವನು ಕೋಳಿಯ ಗುಣಗಾನ ಮಾಡುತ್ತಾನೆ, ಬೀಗರಿಬ್ಬರನ್ನು ಪೈಪೋಟಿಗೆ ಹಚ್ಚುತ್ತಾನೆ, ಕಿಸೆ ಬಿಗಿಹಿಡಿದವರನ್ನು ಹೆಸರು ಹಿಡಿದು ಕೆಣಕುತ್ತಾನೆ. ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಕುಂಬಳಕಾಯಿ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಕೊಂಡವರು ಅದನ್ನು ಮತ್ತೆ ಲಿಲಾವಿಗೇ ಕೊಡುವುದೂ ಉಂಟು. ದುಡ್ಡು ಸಭೆಯ ನಿಧಿಗೆ ಸೇರುತ್ತದೆ. ಜಿಪುಣತನವನ್ನು ನಗೆಯಿಂದ ಕರಗಿಸುವ ಈ ಏರ್ಪಾಡು ಉಪದೇಶಕ್ಕಿಂತ ಪರಿಣಾಮಕಾರಿ. ಕೂಲಿಯವರ ಹತ್ತು ರೂಪಾಯಿಯ ಕೂಗಿಗೂ ಚಪ್ಪಾಳೆ ಬಿದ್ದರೆ ಹಬ್ಬ ಎಲ್ಲರದಾಗುತ್ತದೆ. ಉಳ್ಳವರ ಪೈಪೋಟಿಯಷ್ಟೇ ಉಳಿದರೆ ಅದೇ ನಗೆ ಬಡವರನ್ನು ಹಿಂದಿನ ಸಾಲಿಗೆ ತಳ್ಳುತ್ತದೆ.

ಪ್ರಸಂಗಪೀಠವೂ ನಗೆಯಿಂದ ಪೂರ್ತಿ ದೂರವಿಲ್ಲ. ಬಾಸೆಲ್ ಮಿಷನ್ನಿನ ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಸರ್ವಜ್ಞನ ವಚನಗಳನ್ನು ಊರೂರುಗಳಿಂದ ಕೂಡಿಸಿ 1924ರಲ್ಲಿ ಪ್ರಕಟಿಸಿದರು. ಒಗಟು, ಕಟಕಿ, ಕಟುಹಾಸ್ಯಗಳಿಂದ ತುಂಬಿದ ಆ ತ್ರಿಪದಿಗಳಲ್ಲಿ ಪಾದ್ರಿಯೊಬ್ಬರು ಧರ್ಮದ ತಿರುಳನ್ನು ಕಂಡದ್ದು ಈ ಚರ್ಚೆಗೆ ಬಹಳ ಮುಖ್ಯವಾದ ಸಂಗತಿ. ಮರಾಠಿ ಕಡೆ, ಮತಾಂತರಗೊಂಡು ಕ್ರೈಸ್ತರಾದ ಕವಿ ನಾರಾಯಣ ವಾಮನ ಟಿಳಕರು ಕ್ರೈಸ್ತ ಕೀರ್ತನೆಗಳನ್ನು ರೂಢಿಗೆ ತಂದರು. ಕೀರ್ತನೆಯಲ್ಲಿ ನಗೆಗತೆಗೆ ಮೊದಲೇ ಎಡೆಯಿದೆ. ಅವರ ಹೆಂಡತಿ ಲಕ್ಷ್ಮೀಬಾಯಿಯವರ ಆತ್ಮಕಥೆ ಸ್ಮೃತಿಚಿತ್ರೆ ಮತಾಂತರದ ನೋವನ್ನೂ ಸಂಸಾರದ ಫಜೀತಿಗಳನ್ನೂ ಒಂದೇ ಉಸಿರಿನಲ್ಲಿ, ನಗುತ್ತಲೇ ಹೇಳುತ್ತದೆ.

ಎಲ್ಲೆಗಳು ಬರಹದಲ್ಲಿಲ್ಲದಿದ್ದರೂ ಎಲ್ಲರಿಗೂ ಗೊತ್ತು. ಲೆಂಟ್ ಕಾಲದಲ್ಲಿ, ಗುಡ್ ಫ್ರೈಡೇ ದಿನ, ಕರ್ತನ ಭೋಜನದ ಹೊತ್ತಿನಲ್ಲಿ ವಿನೋದ ಸಲ್ಲದು. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಪಾಸ್ಟರರ ಉದ್ದನೆಯ ಪ್ರಾರ್ಥನೆಯನ್ನು ಅವರೆದುರೇ ಅಣಕಿಸಬಹುದು, ಪಾಸ್ಟರರೂ ನಗುತ್ತಾರೆ. ಕುಂಟರು, ಮಕ್ಕಳಿಲ್ಲದವರು, ಕಪ್ಪು ಬಣ್ಣದವರನ್ನು ಹಿಡಿದು ನಗಿಸಿದರೆ ಹಿರಿಯರು ತಡೆಯಬೇಕು. ತಡೆಯದ ಕಡೆ ಊರ ಚಾವಡಿಯ ಹಳೆಯ ಅವಮಾನವೇ ಚರ್ಚಿನೊಳಗೆ ಬಂದು ಕೂಡುತ್ತದೆ. ಈ ಕಿರುನಾಟಕಗಳು ಅಚ್ಚಿಗೆ ಹೋಗುವುದು ಅಪರೂಪ. ಸಂಡೇ ಸ್ಕೂಲ್ ಶಿಕ್ಷಕರ ನೋಟ್‌ಬುಕ್ಕಿನಲ್ಲಿ, ಹಿಂದೆ ಪಾತ್ರ ಮಾಡಿದವರ ನೆನಪಿನಲ್ಲಿ ಉಳಿದು, ಪ್ರತಿ ಡಿಸೆಂಬರಿನಲ್ಲಿ ಆ ವರ್ಷದ ಕಬ್ಬಿನ ದರ, ಹೊಳೆಯ ನೆರೆ, ಮೊಬೈಲಿನ ಹುಚ್ಚುಗಳನ್ನು ಸೇರಿಸಿಕೊಂಡು ಹೊಸದಾಗಿ ರಂಗಕ್ಕೆ ಬರುತ್ತವೆ.