ವಾರ್ಡ್ ಮಾತು – 17: ಎಡಗೈಯವರ ಆಯಸ್ಸಿನ ಲೆಕ್ಕ

ಎಡಗೈಯವರು ಒಂಬತ್ತು ವರ್ಷ ಮೊದಲೇ ಸಾಯ್ತಾರೆ ಅನ್ನೋ ಮೆಸೇಜ್ ಮತ್ತೆ ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ಎಡಗೈಲಿ ಬರೆಯೋ ಮಕ್ಕಳ ಇಬ್ಬರು ಅಮ್ಮಂದಿರು ಇನ್‌ಬಾಕ್ಸಿಗೆ ಬಂದು "ಸಿಸ್ಟರ್, ನಿಜಾನಾ?" ಅಂತ ಕೇಳಿದ್ದಾರೆ. ನಿಜ ಅಲ್ಲ. ಆದ್ರೆ ಆ ಒಂಬತ್ತು ಎಲ್ಲಿಂದ ಬಂತು ಅಂತ ಗೊತ್ತಿದ್ರೆ ಧೈರ್ಯ ಬರುತ್ತೆ.

ಶುರುವಾಗಿದ್ದು ಬೇಸ್‌ಬಾಲ್‌ನಿಂದ. ಅಮೆರಿಕದ ಬೇಸ್‌ಬಾಲ್ ವಿಶ್ವಕೋಶದಲ್ಲಿ ಆಟಗಾರ ಯಾವ ಕೈಲಿ ಎಸೀತಿದ್ದ, ಯಾವಾಗ ಹುಟ್ಟಿದ, ಯಾವಾಗ ಸತ್ತ, ಎಲ್ಲ ಇರುತ್ತೆ. ಡಯೇನ್ ಹಾಲ್ಪರ್ನ್, ಸ್ಟ್ಯಾನ್ಲಿ ಕೋರೆನ್ ಅನ್ನೋ ಮನಶ್ಶಾಸ್ತ್ರಜ್ಞರು ಅದನ್ನ ಜಾಲಾಡಿ 1988ರಲ್ಲಿ 'ನೇಚರ್' ಪತ್ರಿಕೆಗೆ ಬರೆದರು: ತೀರಿಕೊಂಡವರಲ್ಲಿ ಬಲಗೈಯವರು ಸುಮಾರು ಎಂಟು ತಿಂಗಳು ಹೆಚ್ಚು ಬದುಕಿದ್ದರು. 1991ರಲ್ಲಿ ಅವರೇ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ ಸುಮಾರು 1000 ಜನರ ಮನೆಯವರನ್ನ ವಿಚಾರಿಸಿದರು. ಬಲಗೈಯವರ ಸರಾಸರಿ 75, ಎಡಗೈಯವರದು 66. ಪೇಪರ್‌ನವರಿಗೆ ಹಬ್ಬ!

ಎಡವಟ್ಟು ಇರೋದು ಇಲ್ಲೇ. ಲೆಕ್ಕ ಹಾಕಿದ್ದು ಸತ್ತವರದ್ದು ಮಾತ್ರ. ಜೀನ್ಸ್ ಹಾಕ್ತಿದ್ದವರು, ಕಚ್ಚೆಪಂಚೆ ಉಡ್ತಿದ್ದವರು, ಇಬ್ಬರ ಸಾವಿನ ವಯಸ್ಸನ್ನೂ ಹೋಲಿಸಿ ನೋಡಿ, ಜೀನ್ಸ್‌ನವರು ಚಿಕ್ಕ ವಯಸ್ಸಿಗೇ ಹೋದ ಹಾಗೆ ಕಾಣುತ್ತೆ. ಜೀನ್ಸ್ ಯಾರನ್ನೂ ಕೊಂದಿಲ್ಲ, ಹಾಕೋರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆ ಅಷ್ಟೇ. ಎಡಗೈ ಕಥೆಯೂ ಇದೇ. 1910ರ ಸುಮಾರಿಗೆ ಹುಟ್ಟಿದ ಎಡಚರಲ್ಲಿ ಎಷ್ಟೋ ಜನರನ್ನ ಶಾಲೆಯಲ್ಲೇ ಬಲಗೈಗೆ ತಿರುಗಿಸಿದ್ದರು. ಅವರು ಮುದುಕರಾಗಿ ಸತ್ತಾಗ ಬಲಗೈ ಲೆಕ್ಕಕ್ಕೆ ಸೇರಿದರು. ಇಲ್ಲಿ ಇಂಗ್ಲೆಂಡಿನಲ್ಲಿ ಕ್ಯಾನುಲಾ ಹಾಕೋ ಮುಂಚೆ "ಯಾವ ಕೈಲಿ ಬರೀತೀರಿ?" ಅಂತ ಕೇಳ್ತೀನಿ. ಎಂಬತ್ತು ದಾಟಿದ ಅಜ್ಜಿಯೊಬ್ಬರು "ಹುಟ್ಟಿದ್ದು ಎಡಗೈ, ಬರೆಯೋದು ಬಲಗೈ, ಟೀಚರ್ ರೂಲರ್‌ನಲ್ಲಿ ಹೊಡೀತಿದ್ರು" ಅಂದಿದ್ದರು. ಎಡಗೈಲಿ ಊಟ ಮಾಡಿ ಬೈಸಿಕೊಂಡ ನಮ್ಮವರಿಗೆ ಇದನ್ನ ಬಿಡಿಸಿ ಹೇಳಬೇಕಾ?

ಸರಿಯಾಗಿ ಎಣಿಸಿದ್ದು ಕ್ರಿಕೆಟ್ ಆಟಗಾರರನ್ನ. 1994ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಜಾನ್ ಆ್ಯಗಲ್ಟನ್ ಮತ್ತು ಜೊತೆಗಾರರು 1961ಕ್ಕಿಂತ ಮುಂಚೆ ಹುಟ್ಟಿದ 5960 ಪ್ರಥಮ ದರ್ಜೆ ಆಟಗಾರರ ಲೆಕ್ಕ ಕೊಟ್ಟರು. 3387 ಜನ ಸತ್ತವರು, 2573 ಜನ ಬದುಕಿದ್ದವರು. ನೋಡಿದ್ದು ಬೌಲಿಂಗ್ ಕೈ, ಅದು ಜಾಣತನ. ಬ್ಯಾಟಿಂಗ್ ನೋಡಿದ್ದರೆ ಗಂಗೂಲಿಯಂಥ ಬಲಗೈ ಬೌಲರ್ ಕೂಡ ಎಡಗೈ ಪಟ್ಟಿಗೆ ಸೇರ್ತಿದ್ದರು. ಒಟ್ಟಾರೆ ಸಾವಿಗೂ ಕೈಗೂ ಸಂಬಂಧ ಸಿಗಲಿಲ್ಲ.

ಒಂದು ಕಡೆ ಮಾತ್ರ ವ್ಯತ್ಯಾಸ ಕಂಡಿತು. ಅಸಹಜ ಸಾವು, ಅದರಲ್ಲೂ ಯುದ್ಧದಲ್ಲಿ ಸತ್ತವರು, ಎಡಗೈಯವರಲ್ಲಿ ಹೆಚ್ಚು. ಬ್ರಿಟಿಷ್ ಸೈನಿಕರ ಕೈಲಿದ್ದ ಲೀ-ಎನ್‌ಫೀಲ್ಡ್ ರೈಫಲ್ಲಿನ ಬೋಲ್ಟ್ ಇದ್ದದ್ದು ಬಲಗಡೆ. ಅದೇ ಕಾರಣ ಅಂತ ನಾನು ಹೇಳಲಾರೆ, ಆದ್ರೆ ನನ್ನ ಗುಮಾನಿ ಹೋಗೋದು ಆ ಕಡೆಗೇ.