ಮುಖ್ಯೋಪಾಧ್ಯಾಯಿನಿಯ ಧೈರ್ಯ

ವಿದ್ಯಾಶಾಲೆಯನ್ನು ನಡೆಸುವವರಿಗೆ ಧೈರ್ಯವು ಎಲ್ಲಿಂದ ಬರುತ್ತದೆ? ಪದವಿಯಿಂದ ಎಂದು ಕೆಲವರು, ಸರ್ಕಾರದ ಮನ್ನಣೆಯಿಂದ ಎಂದು ಕೆಲವರು ಹೇಳುವರು. ಕ್ಯಾಥೋಲಿಕ ಶಾಲೆಗಳ ಮಾತು ಬಂದಾಗ, ಸನ್ಯಾಸಿನಿಯರ ಕರಿಯ ಉಡುಪಿನಿಂದಲೇ ಅದು ಬರುತ್ತದೆಂದು ನಾವು ತಿಳಿಯುವುದುಂಟು. ಅಮೆರಿಕದ ಆರೆಗನ್ ಸಂಸ್ಥಾನದಲ್ಲಿ ನಡೆದ ಒಂದು ವ್ಯಾಜ್ಯವನ್ನು ನೋಡಿದರೆ ಈ ತಿಳಿವಳಿಕೆ ಸ್ವಲ್ಪ ಸಡಿಲವಾಗುತ್ತದೆ.

1884ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಸೇರಿದ ಅಮೆರಿಕದ ಬಿಷಪ್ಪರ ಸಭೆಯು, ಪ್ರತಿಯೊಂದು ಚರ್ಚಿನ ಬಳಿಯೂ ಎರಡು ವರ್ಷಗಳೊಳಗೆ ಶಾಲೆಯನ್ನು ಸ್ಥಾಪಿಸಬೇಕೆಂದೂ, ತಂದೆತಾಯಿಗಳು ಮಕ್ಕಳನ್ನು ಕ್ಯಾಥೋಲಿಕ ಶಾಲೆಗೇ ಕಳುಹಿಸಬೇಕೆಂದೂ ವಿಧಿಸಿತು. ಅಪವಾದಗಳಿಗೆ ಅವಕಾಶವಿತ್ತು, ಆದರೂ ಇಂಥ ಅಪ್ಪಣೆಯಿದ್ದ ಮೇಲೆ ಮುಖ್ಯೋಪಾಧ್ಯಾಯಿನಿಯು ತಂದೆತಾಯಿಗಳ ಮನಸ್ಸನ್ನು ಅರಿಯಬೇಕಾದ ಅಗತ್ಯವೇನು ಎಂದು ಯಾರಿಗಾದರೂ ತೋರಬಹುದು.

ಆರೆಗನ್ನಿಗೆ 1859ರಲ್ಲಿಯೇ ಕೆನಡಾ ದೇಶದಿಂದ ಹನ್ನೆರಡು ಮಂದಿ ಸನ್ಯಾಸಿನಿಯರು ಬಂದು, ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಸೇಂಟ್ ಮೇರಿಸ್ ಎಂಬ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಿದ್ದರು. ಯೇಸು ಮತ್ತು ಮರಿಯರ ಪವಿತ್ರ ನಾಮಗಳ ಭಗಿನಿಯರೆಂದು ಅವರ ಸಂಘದ ಹೆಸರು. 1922ರ ನವೆಂಬರಿನಲ್ಲಿ ಆ ಸಂಸ್ಥಾನದ ಜನರು, 8ರಿಂದ 16 ವರ್ಷದ ಮಕ್ಕಳೆಲ್ಲರೂ ಸರ್ಕಾರಿ ಶಾಲೆಗೇ ಹೋಗಬೇಕೆಂಬ ಕಾನೂನಿಗೆ ಮತವಿತ್ತರು. ಕೂ ಕ್ಲಕ್ಸ್ ಕ್ಲಾನ್ ಎಂಬ ಕೂಟದ ಬೆಂಬಲವೂ ಅದಕ್ಕೆ ಇತ್ತು. ಕಾನೂನು ಜಾರಿಗೆ ಬರಬೇಕಾದದ್ದು 1926ರ ಸೆಪ್ಟೆಂಬರ್ 1ರಂದು.

ದಂಡವನ್ನು ಯಾರ ಮೇಲೆ ಹೊರಿಸಿದ್ದರೆಂಬುದನ್ನು ಗಮನಿಸಬೇಕು. ಶಾಲೆಯ ಮೇಲಲ್ಲ, ತಂದೆತಾಯಿಗಳ ಮೇಲೆ: 5ರಿಂದ 100 ಡಾಲರ್ ಜುಲ್ಮಾನೆ, ಇಲ್ಲವೆ 2ರಿಂದ 30 ದಿನಗಳ ಸೆರೆ, ಅದೂ ಒಂದೊಂದು ದಿನದ ತಪ್ಪಿಗೆ ಬೇರೆಬೇರೆಯಾಗಿ. ಕಾನೂನು ಜಾರಿಗೆ ಬರುವ ಮೊದಲೇ ಕೆಲವರು ಮಕ್ಕಳನ್ನು ಬಿಡಿಸಿಕೊಂಡರು. ಶಾಲೆಯ ವರಮಾನ ಇಳಿಯುತ್ತ ಬಂದಿತು. ಬಿಷಪ್ಪರ ಅಪ್ಪಣೆಯೇನೋ ಹಾಗೆಯೇ ಇತ್ತು, ಕರಿಯ ಉಡುಪೂ ಇತ್ತು. ಖಾಲಿಯಾದ ಬೆಂಚುಗಳನ್ನು ಅವೆರಡೂ ತುಂಬಲಾರದೆ ಹೋದವು.

ಭಗಿನಿಯರು ನ್ಯಾಯಸ್ಥಾನಕ್ಕೆ ಹೋದರು. ತಮ್ಮ ಹಕ್ಕಿನ ಜೊತೆಗೆ, ಮಕ್ಕಳಿಗೆ ಶಾಲೆಯನ್ನು ಆರಿಸುವ ತಂದೆತಾಯಿಗಳ ಹಕ್ಕನ್ನೂ ತಮ್ಮ ಅರ್ಜಿಯಲ್ಲಿ ಎತ್ತಿ ಹಿಡಿದರು. 1925ರ ಜೂನ್ 1ರಂದು ಅಮೆರಿಕದ ಸರ್ವೋಚ್ಚ ನ್ಯಾಯಸ್ಥಾನವು ಒಮ್ಮತದಿಂದ ಅವರ ಪರವಾಗಿ ತೀರ್ಪಿತ್ತಿತು. ಆ ವ್ಯಾಜ್ಯದಲ್ಲಿ ಒಬ್ಬ ತಂದೆಯಾಗಲಿ ತಾಯಿಯಾಗಲಿ ವಾದಿಯಾಗಿರಲಿಲ್ಲ. ಭಗಿನಿಯರಿಗೆ ದೊರೆತ ರಕ್ಷಣೆಯು ಶಾಲೆಯ ಆಸ್ತಿ ಮತ್ತು ವೃತ್ತಿಗೆ ಸಂಬಂಧಿಸಿದ್ದು. ಆದರೂ ತೀರ್ಪಿನ ಹೆಸರು ಉಳಿದದ್ದು ತಂದೆತಾಯಿಗಳ ಸ್ವಾತಂತ್ರ್ಯಕ್ಕಾಗಿ. ವಕೀಲರಿಗೆ ಇದೊಂದು ವಿನೋದವೆನಿಸಬಹುದು. ನಮಗಂತೂ ಇದರಲ್ಲಿ ಶಾಲೆಯ ನಿಜವಾದ ಬಲವೇ ಕಾಣುತ್ತದೆ.

ಮಕ್ಕಳ ಮೊದಲ ಗುರುಗಳು ತಂದೆತಾಯಿಗಳೆಂದು ರೋಮಿನ ಮಹಾಸಭೆಯು 1965ರಲ್ಲಿ ಸಾರಿತು. 1983ರ ಧರ್ಮಶಾಸನವು ಇನ್ನೂ ಮುಂದೆ ಹೋಗಿ, ಉಪಾಧ್ಯಾಯರು ತಂದೆತಾಯಿಗಳ ಮಾತನ್ನು ಮನಸ್ಸಿಟ್ಟು ಕೇಳಬೇಕೆಂದೂ, ಅವರ ಸಂಘಗಳನ್ನು ಏರ್ಪಡಿಸಬೇಕೆಂದೂ ವಿಧಿಸಿತು. ಅಷ್ಟು ಹೊತ್ತಿಗೆ ಅಮೆರಿಕದ ಶಾಲೆಗಳಲ್ಲಿ ಸನ್ಯಾಸಿನಿಯರು ವಿರಳವಾಗುತ್ತಿದ್ದರು. ಈಗ ಅಲ್ಲಿ ಮುಖ್ಯೋಪಾಧ್ಯಾಯರ ಕುರ್ಚಿಯಲ್ಲಿ ಕುಳಿತವರು ಬಹುಮಟ್ಟಿಗೆ ಗೃಹಸ್ಥರೇ. ಎಷ್ಟೋ ಮಂದಿ ತಾವೂ ಮಕ್ಕಳ ತಂದೆತಾಯಿಗಳು.